ದಳವಾಯಿ ಮತ್ತು ಶೋಗುನ್

ಠಾಣೆಯ ಕೋಟೆಯನ್ನು ಮರಾಠಾ ಸೈನ್ಯವು 1737ರಲ್ಲಿ ಪೋರ್ತುಗೀಜರಿಂದ ಗೆದ್ದುಕೊಂಡಿತು. ಗೆಲುವು ಸಾತಾರೆಯ ಛತ್ರಪತಿ ಶಾಹುವಿನ ಹೆಸರಿನಲ್ಲಿ. ದಂಡಯಾತ್ರೆಯ ಹೊಣೆ ಪೇಶ್ವೆ ಬಾಜಿರಾಯನ ತಮ್ಮನಾದ ಚಿಮಾಜಿ ಅಪ್ಪನದು. 1749ರಲ್ಲಿ ಶಾಹು ಕಾಲವಾದ ಮೇಲಂತೂ ರಾಜ್ಯದ ಸೂತ್ರವು ಪುಣೆಯ ಪೇಶ್ವೆಗಳ ಕೈಸೇರಿತು. ಆದರೂ ಹೊಸದಾಗಿ ಪದವಿಗೇರುವ ಪೇಶ್ವೆಯು ಅಧಿಕಾರದ ವಸ್ತ್ರಗಳನ್ನು ಸಾತಾರೆಯಿಂದಲೇ ಪಡೆಯಬೇಕಾಗಿತ್ತು. ಅರಸನೊಬ್ಬ, ಆಳುವವನೊಬ್ಬ ಎಂಬ ಈ ಏರ್ಪಾಡು ಕಲ್ಯಾಣ-ಠಾಣೆಗಳ ಕನ್ನಡಿಗರಿಗೆ ತಾವು ನೆಲೆಸಿದ ನೆಲದ ಚರಿತ್ರೆಯಾದಂತೆ ತಮ್ಮ ನಾಡಿನ ಚರಿತ್ರೆಯೂ ಹೌದು. ಅದೇ ದಶಕಗಳಲ್ಲಿ ಮೈಸೂರಿನಲ್ಲಿ ದಳವಾಯಿಗಳು ಇದೇ ಬಗೆಯಲ್ಲಿ ಆಳುತ್ತಿದ್ದರು. ಈ ಪದ್ಧತಿಯ ಅತ್ಯಂತ ದೀರ್ಘವಾದ ನಿದರ್ಶನವಿರುವುದಾದರೋ ಜಪಾನಿನಲ್ಲಿ.

1185ರಲ್ಲಿ ತನ್ನ ವೈರಿಗಳಾದ ತೈರಾ ವಂಶದವರನ್ನು ನಿರ್ಮೂಲ ಮಾಡಿದ ಮಿನಾಮೊಟೊ ಯೊರಿಟೊಮೊ ಎಂಬ ಯೋಧನು 1192ರಲ್ಲಿ ಚಕ್ರವರ್ತಿಯ ಆಸ್ಥಾನದಿಂದ ಶೋಗುನ್ ಎಂಬ ಬಿರುದನ್ನು ಪಡೆದನು. ಅನಾಗರಿಕರನ್ನು ಅಡಗಿಸುವ ಮಹಾಸೇನಾಪತಿ ಎಂಬುದು ಆ ಬಿರುದಿನ ಪೂರ್ಣಾರ್ಥ. ಅವನು ಕ್ಯೋಟೋದ ಸಿಂಹಾಸನವನ್ನು ಮುಟ್ಟಲಿಲ್ಲ. ದೂರದ ಕಾಮಕುರದಲ್ಲಿ ತನ್ನದೇ ಆಡಳಿತವನ್ನು ಹೂಡಿದನು. ಅದಕ್ಕೆ ಸಂದ ಬಕುಫು ಎಂಬ ಹೆಸರಿನಲ್ಲಿಯೇ ದಂಡಿನ ಗುಡಾರದ ಅರ್ಥವಿದೆ. ಯೊರಿಟೊಮೊ ವಂಶದ ಬಲ ಕುಂದಿದಾಗ ಹೋಜೋ ಮನೆತನದವರು ಶೋಗುನನನ್ನೂ ಹೆಸರಿಗೆ ಮಾತ್ರ ಉಳಿಸಿ ತಾವೇ ಆಳಿದರು. ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ಶೋಗುನ್, ಶೋಗುನನ ಹೆಸರಿನಲ್ಲಿ ಹೋಜೋ! 1221ರಲ್ಲಿ ಇದನ್ನು ಪ್ರತಿಭಟಿಸಿದ ನಿವೃತ್ತ ಚಕ್ರವರ್ತಿ ಗೋ-ತೋಬನು ಓಕಿ ದ್ವೀಪಕ್ಕೆ ಗಡೀಪಾರಾದನು. ಆದರೆ ಗೆದ್ದವರು ಚಕ್ರವರ್ತಿಯ ಪೀಠವನ್ನು ಬರಿದಾಗಿ ಬಿಡಲಿಲ್ಲ. ಅದೇ ವಂಶದ ಬೇರೊಬ್ಬನನ್ನು ಅಲ್ಲಿ ಕುಳ್ಳಿರಿಸಿದರು. ಮುಂದೆ 1338ರಲ್ಲಿ ಆಶಿಕಾಗ ವಂಶವೂ 1603ರಲ್ಲಿ ತೊಕುಗಾವ ವಂಶವೂ ಶೋಗುನ್ ಪದವಿಗೆ ಬಂದವು.

ದಳವಾಯಿ ಎಂಬ ಮಾತಿನ ಅರ್ಥವೂ ಸೇನಾಪತಿ ಎಂದೇ. ಮೈಸೂರಿನಲ್ಲಿ ಈ ಪದವಿಯು ಬಹುಮಟ್ಟಿಗೆ ಅರಸು ಮನೆತನದ ಬಂಧುಗಳಾದ ಕಳಲೆಯವರಿಗೆ ಸಲ್ಲುತ್ತಿತ್ತು. ಚಿಕ್ಕದೇವರಾಜ ಒಡೆಯರಂಥ ಸಮರ್ಥರು ಆಳಿದ ಕಾಲದಲ್ಲಿ (1673–1704) ದಳವಾಯಿಯು ಸೇವಕನಾಗಿಯೇ ಉಳಿದನು. ದೊಡ್ಡ ಕೃಷ್ಣರಾಜರು 1732ರಲ್ಲಿ ಗತಿಸಿದ ಬಳಿಕ ತಕ್ಕಡಿಯು ವಾಲಿತು. ಸ್ವತಂತ್ರವಾಗಿ ಆಳಲು ಬಯಸಿದ ಚಾಮರಾಜ ಒಡೆಯರನ್ನು ದಳವಾಯಿ ದೇವರಾಜಯ್ಯನು ಪದಚ್ಯುತಗೊಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟನು. ಅವರು 1734ರಲ್ಲಿ ಅಲ್ಲಿಯೇ ಅಸುನೀಗಿದರು. ಎಳೆಯ ಪ್ರಾಯದ ಇಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ರಾಜ್ಯಭಾರವೆಲ್ಲ ದೇವರಾಜಯ್ಯನಿಗೂ, ಸರ್ವಾಧಿಕಾರಿಯಾದ ಕರಾಚೂರಿ ನಂಜರಾಜಯ್ಯನಿಗೂ ಸೇರಿತು. ಹಾಲಾಸ್ಯ ಮಾಹಾತ್ಮ್ಯದಂಥ ಕೃತಿಗಳನ್ನು ಕನ್ನಡಕ್ಕಿತ್ತ ಈ ನಂಜರಾಜಯ್ಯನು ತನ್ನ ಮಗಳನ್ನು ಅರಸನಿಗೆ ಕೊಟ್ಟು ಮಾವನೂ ಆದನು.

ಹೀಗೆ ಹೋಲುವ ಎರಡು ವ್ಯವಸ್ಥೆಗಳಲ್ಲಿ ಒಂದು ಸುಮಾರು ಏಳು ಶತಮಾನ ಬಾಳಿ, ಇನ್ನೊಂದು ಮೂವತ್ತು ವರ್ಷಗಳೊಳಗೆ ಮುರಿದುಬಿದ್ದುದೇಕೆ? ಶೋಗುನನ ಯೋಧನು ನೆಲದ ಹಕ್ಕಿನಿಂದ ಒಡೆಯನಿಗೆ ಕಟ್ಟುಬಿದ್ದವನು. ಕಾಮಕುರಕ್ಕೆ ತನ್ನದೇ ಊರಿತ್ತು, ಸಾಮಂತರಿದ್ದರು, 1232ರಲ್ಲಿ ರಚಿತವಾದ ಧರ್ಮಸೂತ್ರಗಳಿದ್ದವು. 1274 ಮತ್ತು 1281ರ ಮಂಗೋಲ ದಾಳಿಗಳನ್ನು ಹಿಮ್ಮೆಟ್ಟಿಸಿದವರಿಗೆ ಹಂಚಲು ಹೊಸ ನೆಲ ದೊರೆಯದೆ ಅಸಮಾಧಾನ ಬೆಳೆಯಿತು. 1333ರಲ್ಲಿ ಕಾಮಕುರ ಬಿದ್ದಿತು. ಆದರೂ ಬಿದ್ದದ್ದು ಒಂದು ಮನೆತನವೇ ಹೊರತು ಪದ್ಧತಿಯಲ್ಲ.

ದಳವಾಯಿಯ ಬಲವಾದರೋ ಬೊಕ್ಕಸದ ಸಂಬಳವನ್ನು ನೆಚ್ಚಿತ್ತು. ತಿರುಚಿರಾಪಳ್ಳಿಯ ಆಸೆಯಿಂದ ನಂಜರಾಜಯ್ಯನು ಕೈಗೊಂಡ ಯುದ್ಧವು ಬೊಕ್ಕಸವನ್ನು ಬರಿದುಮಾಡಿತು. 1757ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನು ಶ್ರೀರಂಗಪಟ್ಟಣದ ಮೇಲೆ ಬಂದಾಗ, ಕೇಳಿದಷ್ಟು ಹಣವಿಲ್ಲದೆ ತಾಲ್ಲೂಕುಗಳನ್ನೇ ಒತ್ತೆಯಿಡಬೇಕಾಯಿತು. ಬೇಡಿದವನೂ ಕೊಟ್ಟವನೂ ಇಬ್ಬರೂ ಬೇರೊಬ್ಬ ಅರಸನ ಹೆಸರಿನಲ್ಲಿ ಆಳುತ್ತಿದ್ದವರೆಂಬುದು ಗಮನಾರ್ಹ. ಮರುವರ್ಷ ಸಂಬಳ ಕಾಣದ ಸೈನಿಕರು ದಂಗೆಯೆದ್ದರು. ಅವರ ಬಾಕಿಯನ್ನು ತೀರಿಸಿ ಸಮಾಧಾನಪಡಿಸಿದವನು ಹೈದರಾಲಿ. ಸೈನ್ಯವು ಯಾರ ಅನ್ನವನ್ನುಂಡಿತೋ ರಾಜ್ಯವು ಅವನದಾಯಿತು. 1761ರ ಹೊತ್ತಿಗೆ ಅವನೇ ಸರ್ವಾಧಿಕಾರಿ. ಅವನೂ ಸಿಂಹಾಸನವನ್ನೇರಲಿಲ್ಲ; ದಸರೆಯಲ್ಲಿ ಒಡೆಯರನ್ನು ಪೀಠದ ಮೇಲಿರಿಸಿ ಪ್ರಜೆಗಳಿಗೆ ದರ್ಶನ ಮಾಡಿಸುತ್ತಿದ್ದನು. ಈ ಪರಂಪರೆಯನ್ನು ಕಡಿದವನು ಅವನ ಮಗ ಟಿಪ್ಪು. ಅವನು ತಾನೇ ಪಾದಶಹನೆನಿಸಿದನು. 1796ರಲ್ಲಿ ಚಾಮರಾಜರು ತೀರಿಕೊಂಡ ಮೇಲೆ ಬೇರೊಬ್ಬರಿಗೆ ಪಟ್ಟ ಕಟ್ಟಲಿಲ್ಲ.

ಬರಿದಾಗಿ ತೋರುವ ಸಿಂಹಾಸನವು ನಿಷ್ಪ್ರಯೋಜಕವಾದುದಲ್ಲ. ಖಡ್ಗವು ತನಗೆ ತಾನೇ ಕೊಟ್ಟುಕೊಳ್ಳಲಾರದ ಮಾನ್ಯತೆಯು ಅಲ್ಲಿ ನಿಕ್ಷೇಪದಂತೆ ಉಳಿದಿರುತ್ತದೆ. ಮುಂದೆ ಅದನ್ನು ಯಾರು ತೆಗೆದು ಬಳಸುವರೆಂಬುದೇ ನಾಡಿನ ಭಾಗ್ಯವನ್ನು ನಿರ್ಣಯಿಸುತ್ತದೆ. 1867ರಲ್ಲಿ ಕೊನೆಯ ಶೋಗುನ್ ಯೊಶಿನೊಬು ಅಧಿಕಾರವನ್ನು ಒಪ್ಪಿಸಿದಾಗ, ಚಕ್ರವರ್ತಿಯ ಹೆಸರನ್ನು ಎತ್ತಿಹಿಡಿದು ಹೊಸ ರಾಜ್ಯವನ್ನು ಕಟ್ಟಿದವರು ಸಾತ್ಸುಮ, ಚೋಷು ಮೊದಲಾದ ಸಂಸ್ಥಾನಗಳ ಜಪಾನೀಯರೇ. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ತಂದದ್ದು ಇಂಗ್ಲಿಷ್ ಕಂಪನಿ. 1818ರಲ್ಲಿ ಪೇಶ್ವೆಯನ್ನು ಇಳಿಸಿ ಸಾತಾರೆಯ ಪ್ರತಾಪಸಿಂಹನನ್ನು ಮುಂದೆ ತಂದುದೂ ಅದೇ ಕಂಪನಿ. ಕೊಟ್ಟ ಕೈ ಹಿಂತೆಗೆದುಕೊಳ್ಳಲೂ ಬಲ್ಲದು: 1831ರಲ್ಲಿ ಮೈಸೂರಿನ ಆಡಳಿತ ಆಂಗ್ಲರ ವಶವಾಯಿತು, 1848ರಲ್ಲಿ ಸಾತಾರೆ ಅವರ ರಾಜ್ಯದಲ್ಲಿ ಲೀನವಾಯಿತು. ಮೈಸೂರು 1881ರಲ್ಲಿ ಮರಳಿ ಒಡೆಯರಿಗೆ ಬಂದಿತು. ಸಾತಾರೆಗೆ ಆ ಭಾಗ್ಯವೂ ಒದಗಲಿಲ್ಲ.