ಬಯಲ ಭೀತಿ: ಒಂದು ಮನಶ್ಶಾಸ್ತ್ರೀಯ ವಿವೇಚನೆ

ಭಯವು ಪ್ರಾಣಿಮಾತ್ರಕ್ಕೆ ಸಹಜವಾದುದು. ಹಾವನ್ನು ಕಂಡು ಹಿಂದೆ ಸರಿಯುವವನನ್ನು ಯಾರೂ ರೋಗಿಯೆನ್ನುವುದಿಲ್ಲ. ಆ ಭಯವೇ ಅವನ ಪ್ರಾಣರಕ್ಷಕ. ಆದರೆ ಅಪಾಯವು ಎದುರಿಗಿಲ್ಲದಿರುವಾಗಲೂ, ‘ಏನೋ ಕೇಡು ಸಂಭವಿಸಲಿದೆ’ ಎಂಬ ನಿರೀಕ್ಷೆಯಿಂದಲೇ ಮನಸ್ಸು ತತ್ತರಿಸುವುದುಂಟು. ಇದನ್ನು ಮನಶ್ಶಾಸ್ತ್ರಜ್ಞರು ಆತಂಕವೆಂದು ಕರೆಯುತ್ತಾರೆ. ಮನುಷ್ಯನನ್ನು ಮನೆಯ ಹೊಸ್ತಿಲೊಳಗೇ ಕಟ್ಟಿಹಾಕಬಲ್ಲ ಆತಂಕದ ಒಂದು ವಿಶಿಷ್ಟ ರೂಪವೇ ಅಗೊರಫೋಬಿಯಾ.

‘ಅಗೊರ’ ಎಂದರೆ ಪ್ರಾಚೀನ ಗ್ರೀಕರ ಪೇಟೆಯೂ ಹೌದು, ಸಭಾಸ್ಥಾನವೂ ಹೌದು; ‘ಫೋಬೋಸ್’ ಎಂದರೆ ಭಯ. ಬರ್ಲಿನ್ನಿನ ವೈದ್ಯನಾದ ಕಾರ್ಲ್ ವೆಸ್ಟ್‌ಫಾಲ್ 1871ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. ನಗರದ ವಿಶಾಲವಾದ ಚೌಕಗಳನ್ನೂ ನಿರ್ಜನ ಬೀದಿಗಳನ್ನೂ ಒಬ್ಬರೇ ದಾಟಲಾರದೆ ನಡುಗುತ್ತಿದ್ದ ರೋಗಿಗಳನ್ನು ಅವನು ವರ್ಣಿಸಿದನು. ತಮ್ಮ ಭಯಕ್ಕೆ ಆಧಾರವಿಲ್ಲವೆಂಬುದು ಅವರಿಗೂ ತಿಳಿದಿತ್ತು. ಜೊತೆಗೊಬ್ಬರಿದ್ದರೆ ಅದು ತಗ್ಗುತ್ತಿತ್ತು.

‘ಬಯಲ ಭೀತಿ’ ಎಂಬ ಅನುವಾದವು ಈ ವ್ಯಾಧಿಯ ಒಂದಂಶವನ್ನಷ್ಟೇ ಸೂಚಿಸುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯದ ಕೈಪಿಡಿಯು ಐದು ಸನ್ನಿವೇಶಗಳನ್ನು ಹೆಸರಿಸುತ್ತದೆ: ಬಸ್ಸು, ರೈಲು ಮೊದಲಾದ ವಾಹನಗಳು, ತೆರೆದ ಬಯಲು, ಮುಚ್ಚಿದ ಸ್ಥಳ, ಜನಸಂದಣಿ ಅಥವಾ ಸರದಿಯ ಸಾಲು, ಮನೆಯ ಹೊರಗೆ ಒಂಟಿಯಾಗಿರುವುದು. ಇವುಗಳಲ್ಲಿ ಎರಡಾದರೂ ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಭಯವನ್ನು ಹುಟ್ಟಿಸುತ್ತಿರಬೇಕು. ತುಂಬಿದ ಬಸ್ಸಿಗೂ ಬರಿದಾದ ಮೈದಾನಕ್ಕೂ ಸಮಾನವಾದುದೇನು? ‘ಇಲ್ಲಿ ಮೈ ಸೋತರೆ ಹೊರಬೀಳುವುದು ಹೇಗೆ? ಕೈಹಿಡಿಯುವವರಾರು?’ ಎಂಬ ಶಂಕೆಯೇ. ಸ್ಥಳವು ನಿಮಿತ್ತಮಾತ್ರ; ತನ್ನ ದೇಹವೇ ತನಗೆ ಕೈಕೊಟ್ಟೀತೆಂಬುದು ರೋಗಿಯ ನಿಜವಾದ ಅಂಜಿಕೆ.

ಈ ಅಂಜಿಕೆಯ ಮೂಲವನ್ನು ಬೇರೆ ಬೇರೆ ಪಂಥಗಳವರು ಬೇರೆ ಬೇರೆಯಾಗಿ ಅರಸಿದ್ದಾರೆ. ಅಂತರಂಗದ ಸಂಘರ್ಷವೇ ಹೊರಗಿನ ಭಯದ ವೇಷವನ್ನು ತಳೆಯುವುದೆಂಬುದು ಫ್ರಾಯ್ಡ್‌ನ ಮನೋವಿಶ್ಲೇಷಣ ಪಂಥದ ನಿಲುವು. ಆಶ್ರಯವಿತ್ತವರಿಂದ ಅಗಲುವ ಭಯವನ್ನು ಇದರ ಬುಡದಲ್ಲಿ ಕಂಡವನು ಜಾನ್ ಬೌಲ್ಬಿ (1973). ವರ್ತನವಾದಿಯಾದ ಮೌರರ್ 1947ರಲ್ಲಿ ಎರಡು ಹಂತಗಳನ್ನು ತೋರಿಸಿದನು: ಭಯವು ಸಾಹಚರ್ಯದಿಂದ ಹುಟ್ಟುತ್ತದೆ, ತಪ್ಪಿಸಿಕೊಳ್ಳುವುದರಿಂದ ಉಳಿಯುತ್ತದೆ. ಡೇವಿಡ್ ಕ್ಲಾರ್ಕ್ 1986ರಲ್ಲಿ ದಿಗಿಲಿನ ವಿಷಚಕ್ರವನ್ನು ವಿವರಿಸಿದನು. ಎದೆಯ ಬಡಿತವು ತುಸು ಹೆಚ್ಚಿದೊಡನೆ ‘ಹೃದಯಾಘಾತವಾಯಿತು’ ಎಂಬ ತಪ್ಪರ್ಥ, ಅದರಿಂದ ಭಯ, ಭಯದಿಂದ ಬಡಿತವು ಮತ್ತೂ ತೀವ್ರ.

ಚಿಕಿತ್ಸೆಯ ದೃಷ್ಟಿಯಿಂದ ಕೊನೆಯ ಎರಡು ವಿವರಣೆಗಳು ವಿಶೇಷ ಫಲಕಾರಿಯಾಗಿವೆ. ಸಂತೆಯಿಂದ ಅರ್ಧದಲ್ಲೇ ಮರಳಿದವನಿಗೆ ತಕ್ಷಣ ನೆಮ್ಮದಿ ದೊರೆಯುತ್ತದೆ. ಆದರೆ ಆ ನೆಮ್ಮದಿಯೇ ‘ಮರಳಿದ್ದರಿಂದ ಬದುಕಿದೆ’ ಎಂಬ ಪಾಠವನ್ನು ಕಲಿಸಿಬಿಡುತ್ತದೆ. ಇಂದು ಸಂತೆ, ನಾಳೆ ಬೀದಿ, ಮರುದಿನ ಹಿತ್ತಿಲು—ಹೀಗೆ ಅವನ ಲೋಕವು ಕುಗ್ಗುತ್ತದೆ. ಆದುದರಿಂದ ಚಿಕಿತ್ಸೆಯು ಇದಕ್ಕೆ ವಿಲೋಮವಾಗಿ ಸಾಗಬೇಕು. ಭಯದ ಸನ್ನಿವೇಶಗಳನ್ನು ಮೆಟ್ಟಿಲುಗಳಂತೆ ಜೋಡಿಸಿ, ಕಡಿಮೆ ಭಯದಿಂದ ಹೆಚ್ಚಿನ ಭಯದತ್ತ ನಡೆಯುವ ಕ್ರಮವನ್ನು ಜೋಸೆಫ್ ವೋಲ್ಪೆ 1958ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಮೊದಲ ದಿನ ಬಾಗಿಲಾಚೆ, ಬಳಿಕ ಬೀದಿಯ ತಿರುವು, ಅನಂತರ ಅಂಗಡಿ. ಅಲ್ಲಿ ಭಯವು ತಾನಾಗಿ ತಗ್ಗುವವರೆಗೆ ನಿಲ್ಲುವುದೇ ಇಂದಿನ ಪದ್ಧತಿಯಲ್ಲಿಯೂ ಮುಖ್ಯ. ಅವಶ್ಯವಾದಲ್ಲಿ ವೈದ್ಯರು ಔಷಧವನ್ನೂ ಕೊಡುತ್ತಾರೆ. ಹೃದ್ರೋಗ, ಥೈರಾಯ್ಡ್ ದೋಷಗಳಲ್ಲಿಯೂ ಇಂತಹ ಲಕ್ಷಣಗಳು ತೋರಬಹುದಾದ್ದರಿಂದ ದೇಹಪರೀಕ್ಷೆಯು ಮೊದಲು ನಡೆಯತಕ್ಕದ್ದು.

ಮನೆಯವರ ಹೊಣೆಯೂ ಇಲ್ಲಿ ಸಣ್ಣದಲ್ಲ. ‘ಇದು ಸೋಮಾರಿತನ, ಹೇಡಿತನ’ ಎಂದು ಜರೆದರೆ ರೋಗಿಯು ತನ್ನ ಸಂಕಟವನ್ನು ಮುಚ್ಚಿಡುತ್ತಾನೆ; ಮರುಕದಿಂದ ಅವನ ಹೊರಗೆಲಸಗಳನ್ನೆಲ್ಲ ತಾವೇ ಮಾಡಿಕೊಟ್ಟರೆ ಭಯಕ್ಕೆ ಪೋಷಣೆ ದೊರೆಯುತ್ತದೆ. ಅವನೊಡನೆ ನಾಲ್ಕು ಹೆಜ್ಜೆ ನಡೆದು, ಐದನೆಯದನ್ನು ಅವನೊಬ್ಬನೇ ಇಡುವವರೆಗೆ ಕಾಯುವ ತಾಳ್ಮೆಯು ಅವರಿಂದ ಸಲ್ಲಬೇಕಾದ ನೆರವಾಗಿದೆ.