ದೀಪ ಆರಿಸಿ ನೆನೆಯುವ ಊರು

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಮೌಝಲ್ ಎಂಬ ಸಣ್ಣ ಮೀನುಗಾರರ ಊರಿದೆ. ಡಿಸೆಂಬರ್ ಬಂತೆಂದರೆ ಅಲ್ಲಿನ ಬಂದರುಕಟ್ಟೆಯ ಸುತ್ತ ಬಣ್ಣಬಣ್ಣದ ದೀಪಗಳು. 1963ರಲ್ಲಿ ಜೋನ್ ಗಿಲ್‌ಕ್ರಿಸ್ಟ್ ಎಂಬ ಕಲಾವಿದೆ ಕಟ್ಟೆಯ ಮೇಲೆ ಒಂದು ಸಾಲು ದೀಪ ಕಟ್ಟಿದ್ದರಿಂದ ಶುರುವಾದದ್ದು, ಈಗ ಸಾವಿರಾರು ಜನ ಸೇರುವ ಹಬ್ಬ. ಆದರೆ ಡಿಸೆಂಬರ್ 19ರ ರಾತ್ರಿ ಎಂಟಕ್ಕೆ ಆ ದೀಪಗಳನ್ನು ಆರಿಸುತ್ತಾರೆ, ಒಂಬತ್ತಕ್ಕೆ ಮತ್ತೆ ಹೊತ್ತಿಸುತ್ತಾರೆ. ಆ ಒಂದು ಗಂಟೆ, 1981ರಲ್ಲಿ ಇದೇ ಹೊತ್ತಿಗೆ ಸಮುದ್ರದಲ್ಲಿ ಕಳೆದುಹೋದ 16 ಜನರ ನೆನಪಿಗೆ.

‘ಯೂನಿಯನ್ ಸ್ಟಾರ್’ ಹೊಚ್ಚಹೊಸ ಸರಕು ಹಡಗು. ಗೊಬ್ಬರ ತುಂಬಿಕೊಂಡು ನೆದರ್ಲೆಂಡ್ಸ್‌ನಿಂದ ಐರ್ಲೆಂಡಿಗೆ ಹೊರಟದ್ದೇ ಅದರ ಮೊದಲ ಪಯಣ. ಐವರು ಸಿಬ್ಬಂದಿಯ ಜೊತೆಗೆ ಕಪ್ತಾನನ ಹೆಂಡತಿ ಮತ್ತು ಆಕೆಯ ಇಬ್ಬರು ಹರೆಯದ ಹೆಣ್ಣುಮಕ್ಕಳೂ ಹಡಗಿನಲ್ಲಿದ್ದರು. ಇಂಧನಕ್ಕೆ ಉಪ್ಪುನೀರು ಸೇರಿ ಎಂಜಿನ್ ನಿಂತಿತು. ಚಂಡಮಾರುತದ ಗಾಳಿ ಹಡಗನ್ನು ಬಂಡೆಗಳತ್ತ ತಳ್ಳತೊಡಗಿತು. ಅಲೆಗಳ ಎತ್ತರ 60 ಅಡಿ. ನೌಕಾಪಡೆಯ ಹೆಲಿಕಾಪ್ಟರ್ ಬಂದರೂ ಹೊಯ್ದಾಡುವ ಹಡಗಿನ ಕೂವೆಮರದಿಂದಾಗಿ ಹತ್ತಿರ ಇಳಿಯಲಾಗಲಿಲ್ಲ. ಕೊನೆಗೆ ಉಳಿದದ್ದು ಊರಿನ ಲೈಫ್‌ಬೋಟ್ ‘ಸಾಲೊಮನ್ ಬ್ರೌನ್’. 47 ಅಡಿಯ ಮರದ ದೋಣಿ!

ಬ್ರಿಟನ್ನಿನಲ್ಲಿ ಈ ರಕ್ಷಣಾ ದೋಣಿಗಳನ್ನು ನಡೆಸುವುದು ಸರ್ಕಾರವಲ್ಲ, 1824ರಲ್ಲಿ ಹುಟ್ಟಿದ, ದೇಣಿಗೆಯಲ್ಲೇ ಬದುಕುವ ಒಂದು ಸಂಸ್ಥೆ. ದೋಣಿ ಹತ್ತುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಆ ರಾತ್ರಿ ಹೊರಟವರಲ್ಲಿ ಮೀನುಗಾರರಿದ್ದರು, ಒಬ್ಬ ಟೆಲಿಫೋನ್ ಎಂಜಿನಿಯರ್ ಇದ್ದ, ‘ಶಿಪ್ ಇನ್’ ಎಂಬ ಮದ್ಯದಂಗಡಿಯ ಮಾಲೀಕ ಚಾರ್ಲಿ ಗ್ರೀನ್‌ಹಾ ಇದ್ದ. ಕರೆಗೆ ಓಗೊಟ್ಟು ಬಂದವರು ಇನ್ನೂ ಹೆಚ್ಚು. ಅವರಲ್ಲಿ ಏಳು ಜನರನ್ನು ಆರಿಸಿಕೊಂಡ ತಾಂಡೇಲ ಟ್ರೆವೆಲ್ಯನ್ ರಿಚರ್ಡ್ಸ್, ನೀಲ್ ಬ್ರಾಕ್‌ಮನ್ ಎಂಬ ಹುಡುಗನನ್ನು ವಾಪಸು ಕಳಿಸಿದ. ಹುಡುಗನ ಅಪ್ಪ ಆಗಲೇ ದೋಣಿಯಲ್ಲಿದ್ದ. ಇಂಥ ರಾತ್ರಿಯಲ್ಲಿ ಒಂದೇ ಮನೆಯ ಇಬ್ಬರು ಬೇಡ ಎಂಬುದು ರಿಚರ್ಡ್ಸ್‌ನ ಲೆಕ್ಕ. ಹೋಗಲೇಬೇಕು ಅನ್ನುವವನೂ ವಾಪಸು ಬರದೇ ಇರಬಹುದು ಅಂತ ಬಲ್ಲವನೂ ಒಬ್ಬನೇ ಮನುಷ್ಯ. ಈ ಇಡೀ ಘಟನೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದು.

8 ಗಂಟೆ 12 ನಿಮಿಷಕ್ಕೆ ದೋಣಿ ನೀರಿಗಿಳಿಯಿತು. ಹಡಗಿನ ಪಕ್ಕಕ್ಕೆ ಹೋಗಲು ಮತ್ತೆ ಮತ್ತೆ ನುಗ್ಗಿತು. ಒಮ್ಮೆಯಂತೂ ಅಲೆ ಅದನ್ನು ಎತ್ತಿ ಹಡಗಿನ ಮೇಲೇ ಕುಕ್ಕಿ, ಮತ್ತೆ ಸಮುದ್ರಕ್ಕೆ ಜಾರಿಸಿತು. ನಾಲ್ವರನ್ನು ಇಳಿಸಿಕೊಂಡಿದ್ದೇವೆ ಎಂಬ ಸುದ್ದಿ ರೇಡಿಯೊದಲ್ಲಿ ಬಂತು. ಆಮೇಲೆ ಕರೆದರೆ ಉತ್ತರವಿಲ್ಲ. ದೋಣಿಯ ಎಂಟು, ಹಡಗಿನ ಎಂಟು, ಯಾರೂ ಉಳಿಯಲಿಲ್ಲ. ಹಲವರ ದೇಹ ಕೂಡ ಸಿಗಲಿಲ್ಲ.

ಸಾಯುವ ಎರಡು ದಿನ ಮೊದಲು ಊರಿನ ದೀಪಗಳನ್ನು ಹೊತ್ತಿಸಿದ್ದು ಇದೇ ಚಾರ್ಲಿ. ದುರಂತದ ನಂತರ ಅವು ಕತ್ತಲಲ್ಲೇ ಉಳಿದವು. ಮೂರು ದಿನ ಕಳೆದ ಮೇಲೆ, ದೀಪ ರಿಪೇರಿ ಮಾಡಿ ಮತ್ತೆ ಹೊತ್ತಿಸಿ ಎಂದವಳು ಚಾರ್ಲಿಯ ಹೆಂಡತಿ ಮೇರಿ. ಅವಳು ಹಾಗೆ ಹೇಳದೆ ಹೋಗಿದ್ದರೆ ಮೌಝಲ್‌ನ ಕ್ರಿಸ್‌ಮಸ್ ಬಹುಶಃ ಇಡೀ ಸೂತಕದಲ್ಲೇ ಕಳೆಯುತ್ತಿತ್ತು. ಸೂತಕ ಈಗ ವರ್ಷಕ್ಕೊಂದು ಗಂಟೆ. ಸುತ್ತಲಿನ ಅಷ್ಟೂ ರಾತ್ರಿ ಬೆಳಕಿರುವುದರಿಂದಲೇ ಆ ಗಂಟೆ ಎದ್ದು ಕಾಣುತ್ತದೆ. ನಾಲ್ಕು ದಿನ ಬಿಟ್ಟು, ಡಿಸೆಂಬರ್ 23ರಂದು, ಅದೇ ಶಿಪ್ ಇನ್‌ನಲ್ಲಿ ಮೀನಿನ ತಲೆಗಳು ಹೊರಗೆ ಇಣುಕುವ ‘ಸ್ಟಾರ್‌ಗೇಜಿ’ ಕಡುಬು ತಿನ್ನಲು ನೂಕುನುಗ್ಗಲು. ಬಿರುಗಾಳಿಗೆ ಅಂಜದೆ ಕಡಲಿಗೆ ಹೋಗಿ ಹಸಿದ ಊರಿಗೆ ಮೀನು ತಂದನೆಂದು ಹೇಳುವ ಟಾಮ್ ಬಾಕಾಕ್‌ನ ಹಬ್ಬ ಅದು.

ಮಡಿದ ದೋಣಿಯವರ ಕುಟುಂಬಗಳಿಗಾಗಿ ಜನ ಕೊಟ್ಟ ಹಣ 30 ಲಕ್ಷ ಪೌಂಡ್ ಮೀರಿತು. ಅದಕ್ಕೂ ತೆರಿಗೆ ಹಾಕಲು ಹೊರಟ ಸರ್ಕಾರ ಜನರ ಸಿಟ್ಟನ್ನು ಎದುರಿಸಬೇಕಾಯಿತು. ರಿಚರ್ಡ್ಸ್‌ಗೆ ಮರಣೋತ್ತರ ಚಿನ್ನದ ಪದಕ ಬಂತು, ಉಳಿದ ಏಳು ಮಂದಿಗೆ ಕಂಚಿನದು. ಆ ರಾತ್ರಿ ದೋಣಿ ಹೊರಟ ಪೆನ್ಲೀ ಪಾಯಿಂಟ್‌ನ ಹಳೆಯ ದೋಣಿಮನೆ ಹಾಗೆಯೇ ಇದೆ, ಪಕ್ಕದಲ್ಲಿ ಸ್ಮಾರಕ ತೋಟ. ಲೈಫ್‌ಬೋಟ್ 1983ರಿಂದ ಪಕ್ಕದ ನ್ಯೂಲಿನ್ ಬಂದರಿನಲ್ಲಿ ನಿಲ್ಲುತ್ತದೆ. ಅದಕ್ಕೆ ಆಳು ಹುಡುಕುವ ಕಷ್ಟವಾಗಲಿಲ್ಲ. ದುರಂತವಾಗಿ ಒಂದು ದಿನ ಕಳೆಯುವುದರೊಳಗೆ ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಹೆಸರು ಕೊಟ್ಟಿದ್ದರು. ವಾಪಸು ಕಳಿಸಿದ್ದ ಹುಡುಗ ನೀಲ್ ಮುಂದೆ ಅದೇ ಪೆನ್ಲೀ ಲೈಫ್‌ಬೋಟಿನ ತಾಂಡೇಲನಾದ.