ಬಾಲ್ಯದ ನೆನಪು, ಬಿಡದ ಅಪರಾಧಿ ಭಾವ

ಅರ್ಥವಾಗದ ವಯಸ್ಸಿನಲ್ಲಿ ನಡೆದುಹೋದ ಘಟನೆಯೊಂದು ವರ್ಷಗಳ ನಂತರ ನೆನಪಾಗಿ, ‘ತಪ್ಪು ತನ್ನದೇ’ ಎಂಬ ಅಳುಕನ್ನು ಹುಟ್ಟಿಸುವುದು ದುಬೈ, ಅಬುಧಾಬಿಯಂಥ ಊರುಗಳಲ್ಲಿ ಬಂಧುಬಳಗದಿಂದ ದೂರವಿದ್ದು ದುಡಿಯುವ ಕನ್ನಡಿಗರಿಗೆ ಇನ್ನಷ್ಟು ಭಾರವಾಗಬಹುದು. ಬೇಡವೆಂದರೂ ಮನಸ್ಸಿಗೆ ನುಗ್ಗಿ, ವ್ಯಕ್ತಿಯ ಮೌಲ್ಯಗಳಿಗೇ ವಿರುದ್ಧವಾಗಿ ನಿಲ್ಲುವ ಇಂಥ ಯೋಚನೆಗಳನ್ನು ಮನೋವಿಜ್ಞಾನವು ‘ಒಳನುಗ್ಗುವ ಆಲೋಚನೆ’ ಎನ್ನುತ್ತದೆ. ಇವು ಆರೋಗ್ಯವಂತರಲ್ಲೂ ಸಾಮಾನ್ಯವೆಂದು ಮನೋವಿಜ್ಞಾನಿಗಳಾದ ರಾಕ್‌ಮನ್ ಮತ್ತು ಡಿ ಸಿಲ್ವಾ 1978ರಲ್ಲೇ ತೋರಿಸಿದರು. ಬಿಳಿ ಕರಡಿಯನ್ನು ನೆನೆಯಬಾರದೆಂದು ಸೂಚಿಸಿದಾಗಲೂ ಜನ ಅದನ್ನೇ ಮತ್ತೆ ಮತ್ತೆ ನೆನೆದರೆಂದು ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಅವರ 1987ರ ಪ್ರಯೋಗ ದಾಖಲಿಸಿದೆ, ಆದ್ದರಿಂದ ಯೋಚನೆಯನ್ನು ಅದುಮಿಡುವುದು ಪರಿಹಾರವಲ್ಲ.

ಅರಿವು ಬಲಿಯದ ಮಗುವನ್ನು ವಯಸ್ಕರ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ. ಹಿರಿಯರಿಂದ ಶೋಷಣೆಯಾಗಿದ್ದರಂತೂ ಹೊಣೆ ಪೂರ್ತಿಯಾಗಿ ಆ ಹಿರಿಯರದು. ಯೋಚನೆಯು ದಿನಚರಿಯನ್ನೇ ನುಂಗುತ್ತಿದ್ದರೆ, ಪದೇ ಪದೇ ತಪ್ಪೊಪ್ಪಿಕೊಂಡು ಸಮಾಧಾನ ಬೇಡುವಂತಾಗಿದ್ದರೆ, ಅದು ಗೀಳು ಕಾಯಿಲೆ, ಅಂದರೆ ಒಸಿಡಿ, ಇರಬಹುದು. ಯೋಚನೆಯನ್ನು ಬರಗೊಟ್ಟು, ಸಮಾಧಾನ ಹುಡುಕದೆ ಅದನ್ನು ಹಾದುಹೋಗಲು ಬಿಡುವ ಅಭ್ಯಾಸವನ್ನು ತಜ್ಞರ ನೆರವಿನಿಂದ ಕಲಿಸುವ ಚಿಕಿತ್ಸೆ ಇದಕ್ಕಿದೆ. ವಿಷಯ ಹೊರಬಿದ್ದೀತೆಂದು ಅಂಜುವವರು ತಿಳಿಯಬೇಕಾದ ಸಂಗತಿಯೆಂದರೆ, ಯುಎಇಯ 2023ರ ಮಾನಸಿಕ ಆರೋಗ್ಯ ಕಾನೂನು ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಮನ್ನಿಸುತ್ತದೆ. ಒಬ್ಬರೇ ನರಳುತ್ತಿರುವವರು ದಯವಿಟ್ಟು ಮನೋವೈದ್ಯರನ್ನು ಕಾಣಲಿ.